ಹಳೆಯ ರೈಫಲ್ಲಿನ ಚೀಲ

ನಿವೃತ್ತಿಯ ನಂತರ ಬಳ್ಳಾರಿಗೆ ಹಿಂದಿರುಗಿದಾಗ, ಇನ್ನು ಬಂದೂಕುಗಳ ಬಗ್ಗೆ ಮಾತನಾಡುವ ಪ್ರಸಂಗ ಬರಲಾರದು ಎಂದು ನಾನು ನಂಬಿದ್ದೆ. ವೃತ್ತಿಯುದ್ದಕ್ಕೂ ನಾನು ಮಾಡಿದ್ದು ಒಂದೇ ಕೆಲಸ. ಸೇನೆಗೆ ಯಾವ ಆಯುಧ ಯಾವಾಗ ಬಂತು, ಯಾರ ಶಿಫಾರಸಿನ ಮೇಲೆ ಬಂತು, ಯಾವ ಪರೀಕ್ಷೆಯಲ್ಲಿ ಸೋತೂ ಬಂತು ಎಂಬುದನ್ನು ಹಳೆಯ ವರದಿಗಳಿಂದ ಹೆಕ್ಕಿ, ಒಂದಕ್ಕೊಂದು ತಾಳೆ ನೋಡಿ ಬರೆಯುವುದು. ಬಂದೂಕು ಹಾರಿಸಿದವನು ನಾನಲ್ಲ. ಖರೀದಿಯ ಕಡತಕ್ಕೆ ಸಹಿ ಹಾಕಿದವನೂ ಅಲ್ಲ. ನಿರ್ಧಾರಗಳು ಬೇರೆಡೆ ಆಗುತ್ತಿದ್ದವು, ಆದಮೇಲೆ ನನ್ನ ಮೇಜಿಗೆ ಬರುತ್ತಿದ್ದವು. ಊಟ ಮುಗಿದ ಮೇಲೆ ಎಲೆ ಎತ್ತುವವನಿಗೆ ಅಡುಗೆಯ ರುಚಿಯ ಬಗ್ಗೆ ಅಭಿಪ್ರಾಯ ಇರಬಹುದು, ಹಸಿವು ಇರುವುದಿಲ್ಲ. ನನ್ನ ಸ್ಥಿತಿ ಅಂಥದು.

ಆದರೂ ಮಾತು ತಪ್ಪಲಿಲ್ಲ. ಬ್ರೂಸ್‌ಪೇಟೆಯ ಹಿಂದಿನ ಓಣಿಯೊಂದರಲ್ಲಿ, ದಾರದ ಅಂಗಡಿಯ ಮೇಲಂತಸ್ತಿನಲ್ಲಿ, ಜೀನ್ಸ್ ಪ್ಯಾಂಟು ಹೊಲಿಯುವ ಸಣ್ಣ ಯುನಿಟ್ ಒಂದಿದೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋದವನು ಅಲ್ಲಿಯ ಬೆಂಚಿನ ಮೇಲೆ ಕುಳಿತೆ, ಕುಳಿತದ್ದು ರೂಢಿಯಾಯಿತು. ಮಾಲೀಕ ನಲವತ್ತರ ಆಸುಪಾಸಿನವನು, ತಂದೆ ತೀರಿಕೊಂಡ ಮೇಲೆ ಯುನಿಟ್ಟನ್ನು ಅವನೇ ನಡೆಸುತ್ತಿದ್ದಾನೆ. ಅವನ ತಾಯಿಯನ್ನು ಓಣಿಯವರೆಲ್ಲ ಅಮ್ಮಿ ಎನ್ನುತ್ತಾರೆ. ಹೊಲಿದ ಮಾಲಿನ ದಾರದ ತುದಿ ಕತ್ತರಿಸುವುದು, ಗುಂಡಿ ನೋಡುವುದು, ಮಡಿಚಿ ಕಟ್ಟು ಕಟ್ಟುವುದು, ತೊಳೆಯುವ ಘಟಕಕ್ಕೆ ಕಳುಹಿಸುವುದು, ಇವೆಲ್ಲ ಅವರ ಸುಪರ್ದಿನಲ್ಲಿವೆ. ತಮ್ಮ ಹಿರಿಯರು ಕಂಟೋನ್ಮೆಂಟ್ ಕಾಲದಲ್ಲಿ ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದರೆಂದು ಅವರು ಹೇಳುತ್ತಾರೆ. ಬಳ್ಳಾರಿಯಲ್ಲಿ ಕಂಟೋನ್ಮೆಂಟ್ ಇದ್ದುದಕ್ಕೆ ಆಧಾರ ಬೇಕಾದಷ್ಟಿದೆ. ಈ ಮನೆತನದ ದರ್ಜಿಗಳ ಬಗ್ಗೆ ನನಗೆ ಯಾವ ದಾಖಲೆಯೂ ಸಿಕ್ಕಿಲ್ಲ. ಅಲ್ಲಗಳೆಯಲೂ ಏನೂ ಸಿಕ್ಕಿಲ್ಲ.

ಮೂರನೆಯವರು ಸುಬೇದಾರರು. ಕುರುಗೋಡಿನವರು, ಪದಾತಿ ದಳದಲ್ಲಿ ಸೇವೆ ಮುಗಿಸಿ ಊರಿಗೆ ಬಂದವರು. ವಾರಕ್ಕೊಮ್ಮೆ ಮಾಜಿ ಸೈನಿಕರ ಕ್ಯಾಂಟೀನಿಗೆಂದು ಬಸ್ಸಿನಲ್ಲಿ ಬಂದು, ಚೀಲ ತುಂಬಿಸಿಕೊಂಡು, ವಾಪಸಾಗುವ ಮೊದಲು ಈ ಬೆಂಚಿಗೆ ಬರುತ್ತಾರೆ. ಮಾಲೀಕನ ತಂದೆಗೆ ಗೆಳೆಯರಾಗಿದ್ದವರು. ನಾನು ಏನು ಓದಿದವನೆಂದು ತಿಳಿದ ದಿನವೇ ಅವರು ನನ್ನನ್ನು ಎದುರಾಳಿಯಾಗಿ ಆರಿಸಿಕೊಂಡರು. ಎಸ್‌ಎಲ್‌ಆರ್ ಎಂಬ ದೊಡ್ಡ ಗುಂಡಿನ ರೈಫಲ್ಲನ್ನು ಬಿಟ್ಟದ್ದೇ ಈ ದೇಶ ಮಾಡಿದ ದೊಡ್ಡ ತಪ್ಪು ಎಂಬುದು ಅವರ ಪಕ್ಷ. ಆ ಭಾರವನ್ನೂ ಅದರ ಗುಂಡಿನ ತೂಕವನ್ನೂ ಹೊತ್ತು ಬೆಟ್ಟ ಹತ್ತುವವನು ಕಡಿಮೆ ಗುಂಡು ಒಯ್ಯಬೇಕಾಗುತ್ತದೆ, ಸಣ್ಣ ಗುಂಡಿಗೆ ಬದಲಾದದ್ದಕ್ಕೆ ಕಾರಣವಿತ್ತು ಎಂಬುದು ನನ್ನದು.

"ಸಣ್ಣ ಗುಂಡು ತಾಗಿದಾಂವ ಎದ್ದು ಮತ್ತ ಬರ್ತಾನ್ರಿ. ನಮ್ಮ ಎಸ್‌ಎಲ್‌ಆರ್ ಗುಂಡು ತಾಗಿದ್ರ ಮಲಗಿದಾಂವ ಮಲಗಿದಂಗ."

"ಒಬ್ಬಗ ಗಾಯ ಆದ್ರ ಅವನ್ನ ಹೊರಾಕ ಇನ್ನಿಬ್ರು ಬೇಕು, ಅದು ಲಾಭ ಅಂತ ಎಲ್ಲಾರೂ ಹೇಳ್ತಾರ. ಆದ್ರ ಯಾವ ಅಧಿಕೃತ ಕಾಗದದಾಗೂ ನಾ ಅದನ್ನ ಕಂಡಿಲ್ಲ."

"ನಿಮಗ ಕಾಗದದಾಗ ಕಂಡ್ರ ಅಷ್ಟ ಗಾಯ ಆಗ್ತೈತೇನ್ರಿ ತಾರೀಖಿನ ಸಾಹೇಬ್ರ?"

ಹೊಲಿಗೆಯವರು ಮಶೀನು ನಿಲ್ಲಿಸದೆ ನಗುತ್ತಿದ್ದರು. ಕಾರ್ಗಿಲ್ ಯುದ್ಧದ ಕಾಲಕ್ಕೆ ಚಳಿಗೆ ಪ್ಲಾಸ್ಟಿಕ್ ಮ್ಯಾಗಜೀನುಗಳು, ಅಂದರೆ ಗುಂಡು ತುಂಬಿ ಬಂದೂಕಿಗೆ ಸಿಕ್ಕಿಸುವ ಡಬ್ಬಿಗಳು, ಬಿರಿಯುತ್ತಿದ್ದವು ಎಂದು ಸುಬೇದಾರರು ಒಮ್ಮೆ ಹೇಳಿದರು. ಅಂಥ ದೂರುಗಳು ಪತ್ರಿಕೆಗಳಲ್ಲಿ ಬಂದಿದ್ದವು, ನಾನೂ ಓದಿದ್ದೆ. ತೊಂಬತ್ತೊಂಬತ್ತರ ಬೇಸಿಗೆಯಲ್ಲೋ, ಮರುವರ್ಷದ ಚಳಿಯಲ್ಲೋ ಎಂದು ಕೇಳಿದೆ. ಅವರು ಚಹಾದ ಲೋಟವನ್ನು ಕೆಳಗಿಟ್ಟರು.

"ಮ್ಯಾಗಜೀನ್ ಒಡಿಯೋವಾಗ ಕ್ಯಾಲೆಂಡರ್ ನೋಡಿ ಒಡಿಲಿಲ್ರಿ ಸರ್ರ."

ಯಾವ ವರ್ಷ ಎಂಬ ಪ್ರಶ್ನೆಗೆ ಉತ್ತರ ಮುಖ್ಯವೆಂದು ನನಗೆ ಈಗಲೂ ಅನಿಸುತ್ತದೆ. ಆದರೆ ಅದನ್ನು ಕೇಳುವ ಶಕ್ತಿ ಮೊದಲಿನಂತೆ ಉಳಿದಿಲ್ಲ.

ಈಗ ಹೇಳಹೊರಟ ಸಂಗತಿ ನಡೆದದ್ದು ಯುಗಾದಿಯೂ ರಂಜಾನ್ ಹಬ್ಬವೂ ಹೆಚ್ಚುಕಡಿಮೆ ಜೊತೆಗೇ ಬಂದ ಒಂದು ವರ್ಷ. ಅಂಥ ವರ್ಷಗಳು ಈಚೆಗೆ ಒಂದರ ಹಿಂದೊಂದು ಬಂದಿರುವುದರಿಂದ ಯಾವುದೆಂಬುದನ್ನು ಪಂಚಾಂಗ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಆದರೂ ಇಲ್ಲಿ ಬರೆಯುವುದಿಲ್ಲ; ಬರೆದರೆ ಟೆಂಡರು ಕರೆದವರ ಗುರುತು ಹತ್ತಬಹುದು, ಅವರದೇನೂ ತಪ್ಪಿರಲಿಲ್ಲ. ಹಬ್ಬಗಳು ಮುಗಿದ ಮೇಲೆ ಜೀನ್ಸಿನ ಬೇಡಿಕೆ ಇಳಿಯುತ್ತದೆ. ಅರ್ಧ ಮಶೀನುಗಳ ಮೇಲೆ ಬಟ್ಟೆ ಹೊದಿಸುತ್ತಾರೆ. ಊರ ಹೊರಗಿನ ದೊಡ್ಡ ಶೆಡ್ಡಿನವರು ಅದೇ ಹೊತ್ತಿಗೆ ಒಳ್ಳೆಯ ಕೈಗಳನ್ನು ಹುಡುಕಿಕೊಂಡು ಬರುತ್ತಾರೆ. ಆ ವರ್ಷ ಯುನಿಟ್ಟಿನ ಇಬ್ಬರು ಹಳೆಯ ಹೊಲಿಗೆಯವರಿಗೆ ಅಂಥ ಕರೆ ಬಂದಿತ್ತು. ಅವರು ಹೋದರೆ ದಪ್ಪ ಬಟ್ಟೆಯ ಜೋಡು ಹೊಲಿಗೆ ಹಾಕುವವರು ಇರುವುದಿಲ್ಲ. ಅವರಿಲ್ಲದೆ ಮುಂದಿನ ಸೀಜನ್ನಿನಲ್ಲಿ ಆರ್ಡರು ಹಿಡಿಯಲಾಗುವುದಿಲ್ಲ. ಮಾಲೀಕ ಅದನ್ನು ಮುಚ್ಚಿಡಲಿಲ್ಲ.

ಒಂದು ಮಧ್ಯಾಹ್ನ ಅವನು ಮೊಬೈಲಿನಲ್ಲಿ ಒಂದು ಸರ್ಕಾರಿ ಟೆಂಡರನ್ನು ತೆರೆದು ನನ್ನ ಮುಂದೆ ಹಿಡಿದ. ಒಂದು ಸಶಸ್ತ್ರ ದಳಕ್ಕೆ ಮ್ಯಾಗಜೀನ್ ಇಡುವ ಚೀಲಗಳು ಬೇಕಾಗಿದ್ದವು. ಸೊಂಟದ ಪಟ್ಟಿಗೆ ಸಿಕ್ಕಿಸುವಂಥವು, ನೀರು ಹಿಡಿಯದ ದಪ್ಪ ಕ್ಯಾನ್ವಾಸಿನವು. ಸಣ್ಣ ಉದ್ದಿಮೆಗಳೂ ಭಾಗವಹಿಸಬಹುದಿತ್ತು. ನಿಗದಿತ ದಿನದೊಳಗೆ ಮೂರು ಮಾದರಿಗಳನ್ನು ತಲುಪಿಸಬೇಕಿತ್ತು.

"ಇದು ಸಿಕ್ರ ಸರ್, ಸೀಜನ್ ಇಲ್ದಾಗೂ ಮಶೀನ್ ನಿಲ್ಲಂಗಿಲ್ಲ. ಅವ್ರಿಬ್ರಿಗೂ ಹೇಳೀನಿ, ಇದರ ಫೈಸಲಾ ಆಗೋತನ ಎಲ್ಲೂ ಹೋಗಬ್ಯಾಡ್ರಿ ಅಂತ. ನೀವೂ ಕಾಕಾನೂ ಕೂಡಿ ಒಂದ್ಸಲ ಓದಿ ಹೇಳ್ರಿ. ನನಗ ಪ್ಯಾಂಟು ಗೊತ್ತೈತಿ, ಬಂದೂಕು ಗೊತ್ತಿಲ್ಲ."

ಕಾಕಾ ಎಂದರೆ ಸುಬೇದಾರರು. ಆ ವಾರ ಅವರು ಬಂದಾಗ ಕನ್ನಡಕ ಏರಿಸಿ ಮುದ್ರಿತ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೂ ಓದಿದರು. ಓದಿ ಮುಗಿಸಿ ನಕ್ಕರು.

"ಇದು ಆ ಸಣ್ಣ ಗುಂಡಿನ ಹಳೇ ರೈಫಲ್ಲಿನ ಮ್ಯಾಗಜೀನ್ ಅಳತಿ ಐತಿ ತಮ್ಮಾ. ಹೊಸ ರೈಫಲ್ ಬರಾಕತ್ತೈತಿ, ಅದರ ಮ್ಯಾಗಜೀನ್ ಉದ್ದ, ಬಾಗು ಜಾಸ್ತಿ. ಇವ್ರು ಈಗ ಹಳೇದಕ್ಕ ಚೀಲ ಹೊಲಸಾಕತ್ತಾರ. ಎತ್ತು ಮಾರಿದ ಮ್ಯಾಲ ಹಗ್ಗ ತಂದಂಗ ಆತು."

"ಹಳೇದು ಎಲ್ಲಿಗೂ ಹೋಗಂಗಿಲ್ರಿ," ಎಂದೆ. "ಅರವತ್ತೆರಡರ ಯುದ್ಧದಾಗ ಹಳೇದಾತು ಅಂತ ಬೈಸ್ಕೊಂಡ ತ್ರೀ ನಾಟ್ ತ್ರೀ ರೈಫಲ್, ಪೊಲೀಸರ ಹೆಗಲ ಮ್ಯಾಲ ಈ ಶತಮಾನದಾಗೂ ಇತ್ತು. ಮುಂದಿನ ಸಾಲಿಗೆ ಹೊಸದು ಬಂದ್ರ ಹಿಂದಿನವ್ರಿಗೆ ಹಳೇದು ಬರ್ತೈತಿ. ಅವ್ರಿಗೂ ಚೀಲ ಬೇಕಲ್ಲ."

"ಬೇಕು. ಆದ್ರ ಒಂದೀಟು ಅಗಲ ಕತ್ತರಿಸಿದ್ರ ಎರಡೂ ಹಿಡಿತಾವು. ಸಿಪಾಯಿ ನಾಳೆ ಹೊಸ ಬಂದೂಕು ಹಿಡಿದ್ರ ಚೀಲ ಒಗಿಯೋದು ತಪ್ಪತೈತಿ."

"ಅಳತಿ ತಪ್ಪಿದ್ರ ಮಾದರೀನ ಒಗೀತಾರ. ಕೊಟ್ಟ ಅಳತಿಗಿಂತ ಜಾಣತನ ತೋರಿಸಿದೋರು ಯಾವ ಪರೀಕ್ಷೆಯಾಗೂ ಪಾಸ್ ಆಗಿಲ್ಲ."

"ಅದ ಹೇಳಾಕತ್ತೀನಿ! ನಿಮ್ಮಂಥೋರು ಕುಂತ ಕುರ್ಚಿಯಿಂದಾನ ದೇಶ ಹಿಂಗಾತು."

ಮಾಲೀಕ ಕತ್ತರಿ ಹಿಡಿದು ನಮ್ಮಿಬ್ಬರನ್ನೂ ನೋಡುತ್ತ ನಿಂತಿದ್ದ.

"ಕಾಕಾ, ಸರ್, ಈಗ ನಾ ಯಾವ ಅಳತಿಗೆ ಕತ್ತರಿ ಹಾಕ್ಲಿ, ಅಷ್ಟ ಹೇಳ್ರಿ."

ನಾವು ಅಷ್ಟನ್ನೇ ಹೇಳಲಿಲ್ಲ. ವಾದ ಆ ವಾರ ಮುಗಿಯದೆ ಮುಂದಿನ ವಾರಕ್ಕೆ ಹೋಯಿತು. ಮುಚ್ಚಳಕ್ಕೆ ಏನು ಹಾಕುವುದೆಂಬ ಪ್ರಶ್ನೆ ನಡುವೆ ಬಂತು. ಟೆಂಡರಿನಲ್ಲಿ ಒತ್ತು ಗುಂಡಿ ಎಂದಿತ್ತು. ಮಾಲೀಕ ತನ್ನಲ್ಲಿದ್ದ ಹಿತ್ತಾಳೆ ಬಣ್ಣದ ಜೀನ್ಸ್ ಗುಂಡಿಗಳನ್ನು ಅಂಗೈಯಲ್ಲಿ ತಂದು ತೋರಿಸಿದ. ಸುಬೇದಾರರು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು.

"ಇದನ್ನ ಹಚ್ಚಿದ್ರ ಬಿಸಿಲಾಗ ಮಿಂಚತೈತಿ. ಶತ್ರುಗೆ ಕೈ ಮಾಡಿ ಕರದಂಗ, ಬಾರಪ್ಪಾ ಇಲ್ಲಿ ಅದೀನಿ ಅಂತ."

"ಹಂಗಾರ ಚರ್ ಅಂತ ಬಿಚ್ಚೋ ಪಟ್ಟಿ ಹಚ್ಚಲೇನು ಕಾಕಾ? ಸಾಲಿ ಬ್ಯಾಗಿಗೆ ಹಚ್ಚತೀವಲ್ಲ?"

"ಅದು ಇನ್ನೂ ಚಲೋ. ರಾತ್ರಿ ಗಸ್ತಿನಾಗ ಚರ್ ಅಂದ್ರ ಗುಡ್ಡದ ಆ ಕಡೆ ಮಲಗಿದಾಂವನೂ ಏಳ್ತಾನ."

ಕೊನೆಗೆ ಕಪ್ಪು ಬಣ್ಣದ ಒತ್ತು ಗುಂಡಿಗಳು ಬಂದವು. ಅಳತೆಯ ವಿಷಯದಲ್ಲಿ ಮಾಲೀಕನೇ ರಾಜಿ ಹುಡುಕಿದ: ಟೆಂಡರಿನ ಅಳತೆಗೆ ಮೂರು, ಕಾಕಾ ಹೇಳಿದಂತೆ ಅಗಲ ಮಾಡಿ ಕೆಲವು. ಎರಡನ್ನೂ ಎದುರಿಗಿಟ್ಟು ನೋಡಿದರೆ ವಾದ ಬಗೆಹರಿದೀತು ಎಂದು ಅವನ ಎಣಿಕೆ. ಮಾದರಿಗೆಂದು ತರಿಸಿದ ಕ್ಯಾನ್ವಾಸು ಹೊರ ರಾಜ್ಯದಿಂದ ಲಾರಿ ಪಾರ್ಸಲಿನಲ್ಲಿ ಬಂದದ್ದು. ನೀರು ಜಾರಿ ಹೋಗುವ ಲೇಪವಿದ್ದ ಆಲಿವ್ ಹಸಿರು ಬಟ್ಟೆ, ರಟ್ಟಿನಂತೆ ಬಿರುಸು, ಮೂಗಿಗೆ ಔಷಧದ ವಾಸನೆ. ಅಗಲದ ಚೀಲಗಳೂ ಅದರಲ್ಲೇ ಆದವು. ಆಗ ಕತ್ತರಿಸುವ ಮೇಜಿನ ಮೇಲೆ ಚೂರುಗಳಷ್ಟೇ ಉಳಿದವು. ಅದನ್ನು ನಾವು ಮೂವರೂ ನೋಡಿದೆವು. ಯಾರಿಗೂ ಅದು ದೊಡ್ಡ ಸಂಗತಿ ಎನಿಸಲಿಲ್ಲ. ಇಬ್ಬರು ಹಳೆಯ ಹೊಲಿಗೆಯವರು ಹಾಕಿದ ಜೋಡು ಹೊಲಿಗೆ ಗೆರೆ ಎಳೆದಂತೆ ಇತ್ತು. ಸುಬೇದಾರರು ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಗ್ಗಿ, ಎದ್ದು, ಮಂಡಿಯೂರಿ ನೋಡಿದರು. ಏಳುವಾಗ ಬೆಂಚು ಹಿಡಿಯಬೇಕಾಯಿತು.

"ಪಾಸ್," ಎಂದರು. "ನಾ ಫೇಲ್, ಚೀಲ ಪಾಸ್."

ಮರುವಾರ ನಾನು ಮೆಟ್ಟಿಲು ಹತ್ತಿ ಹೋದಾಗ ಸುಬೇದಾರರು ಆಗಲೇ ಬಂದಿದ್ದರು. ಅಮ್ಮಿ ಎಂದಿಲ್ಲದ ಉತ್ಸಾಹದಿಂದ ನಮ್ಮನ್ನು ಕರೆದು ಒಂದು ಕಟ್ಟನ್ನು ಬಿಚ್ಚಿದರು. ಒಳಗೆ ಚೀಲಗಳಿದ್ದವು. ಮಡಿಕೆ ಮೂಡುವಂತೆ ಇಸ್ತ್ರಿ ಮಾಡಿದ್ದರು. ಹಸಿರು ಬಣ್ಣ ಮಾಸಲಾಗಿ, ಅಂಚುಗಳು ಬಿಳಿಚಿ, ಹಳೆಯ ಒಳ್ಳೆಯ ಜೀನ್ಸಿಗೆ ಬರುವಂಥ ಮೃದುತನ ಬಂದಿತ್ತು.

"ನೋಡ್ರಿ ಸಾಹೇಬ್ರ, ಈಗ ಕೈಗೆ ಹೆಂಗ ಐತಿ! ಹಪ್ಪಳದಂಗ ಇದ್ವು, ಯಾರರ ಕಚ್ಚಾ ಮಾಲು ಹಂಗ ಕೊಡ್ತಾರೇನ್ರಿ? ನಮ್ಮ ಯಜಮಾನ್ರು ಇದ್ದಾಗಿಂದ ಈ ಮನಿಯಿಂದ ತೊಳೀಲಾರದ ಮಾಲು ಹೊರಗ ಹೋಗಿಲ್ಲ. ಪ್ಯಾಂಟಿನ ಗಂಟಿನಾಗ ಇವನ್ನೂ ಹಾಕಿ ವಾಷಿಂಗಿಗೆ ಕಳಿಸಿದೆ. ಕಲ್ಲು ಹಾಕಿ ತೊಳೀರಿ ಅಂತ ನಾನ ಹೇಳೀನಿ."

ಬಳ್ಳಾರಿಯ ಜೀನ್ಸ್ ಕೆಲಸದಲ್ಲಿ ಹೊಲಿಗೆ ಮುಗಿದರೆ ಮಾಲು ಮುಗಿದಂತಲ್ಲ. ತೊಳೆಯುವ ಘಟಕದ ದೊಡ್ಡ ಡ್ರಮ್ಮಿನಲ್ಲಿ ಕಲ್ಲುಗಳೊಡನೆ ಹೊರಳಿ, ಬಿರುಸು ಬಿಟ್ಟು, ಬಣ್ಣ ಇಳಿದು ಬಂದ ಮೇಲೆಯೇ ಅದಕ್ಕೆ ಮಾಲು ಎಂಬ ಹೆಸರು. ಅದಕ್ಕೂ ಮೊದಲು ಗಿರಾಕಿಯ ಕೈಗೆ ಕೊಡುವುದು ಬೇಯದ ಅನ್ನ ಬಡಿಸಿದಂತೆ. ಟೆಂಡರಿನ ಯಾವ ಪುಟದಲ್ಲೂ ತೊಳೆಯಬಾರದು ಎಂದು ಇರಲಿಲ್ಲ. ಯಾರು ಬರೆದಾರು? ಆ ಟೆಂಡರನ್ನು ಬರೆದವರ ಊರಿನಲ್ಲಿ ಹೊಸ ಕ್ಯಾನ್ವಾಸನ್ನು ಕಲ್ಲು ಹಾಕಿ ತೊಳೆಯುವವರು ಇರಲಾರರು. ನಾನೂ ಸುಬೇದಾರರೂ ಗುಂಡಿನ ತೂಕದಿಂದ ಹಿಡಿದು ಗುಂಡಿಯ ಹೊಳಪಿನವರೆಗೆ ಎಲ್ಲವನ್ನೂ ಚರ್ಚಿಸಿದ್ದೆವು.

ಮಾಲೀಕನ ಮುಖ ನೋಡಿದೆ. ಅವನಿಗೆ ಗೊತ್ತಾಗಿತ್ತು.

"ಚಲೋ ಆಗ್ಯಾವ ಅಮ್ಮಿ," ಎಂದಷ್ಟೇ ಹೇಳಿದ. "ನೀ ಹೋಗು, ನಮಾಜಿನ ಹೊತ್ತಾತು."

ಅವರು ಒಳಗೆ ಹೋದ ಮೇಲೆ ಸುಬೇದಾರರು ಕುಡಿಯುವ ನೀರಿನ ಚೊಂಬು ತಂದರು. ಒಂದು ಚೀಲವನ್ನು ಅಂಗೈ ಮೇಲಿಟ್ಟು ಸ್ವಲ್ಪ ನೀರು ಹನಿಸಿದರು. ಮೊದಲು ಇದೇ ಬಟ್ಟೆಯ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳಿ ಬಿದ್ದದ್ದನ್ನು ನಾವು ನೋಡಿದ್ದೆವು. ಈಗ ಅದು ಕಪ್ಪಾಗಿ ಹರಡಿತು. ಅವರು ಚೀಲವನ್ನು ಮಗುಚಿದರು. ಅಂಗೈ ಒದ್ದೆಯಾಗಿತ್ತು.

"ಹೋತು," ಎಂದರು.

"ಅಮ್ಮಿಗೆ ಹೇಳಬ್ಯಾಡ್ರಿ," ಎಂದ ಮಾಲೀಕ. ಮೊದಲು ಅವನು ಹೇಳಿದ್ದು ಅದನ್ನೇ. ಆಮೇಲೆ ಬಟ್ಟೆ ಕಳುಹಿಸಿದ ವ್ಯಾಪಾರಿಗೆ ಫೋನು ಮಾಡಿದ. ತೆಲುಗಿನಲ್ಲಿ ಬಹಳ ಹೊತ್ತು ಬೇಡಿಕೊಂಡ. ಅದೇ ಬಟ್ಟೆ ಮತ್ತೆ ಬರುವ ಹೊತ್ತಿಗೆ ಮಾದರಿ ಸಲ್ಲಿಸುವ ಕೊನೆಯ ದಿನ ಕಳೆದಿರುತ್ತಿತ್ತು. ಬಳ್ಳಾರಿಯ ಅಂಗಡಿಗಳಲ್ಲಿ ಸಿಗುವ ಕ್ಯಾನ್ವಾಸಿಗೆ ಆ ಲೇಪವಿರಲಿಲ್ಲ. ಅಗಲದ ಚೀಲಗಳನ್ನು ಬಿಚ್ಚಿ ಹೊಲಿಯೋಣವೆಂದರೆ ಅವೂ ಅದೇ ಗಂಟಿನಲ್ಲಿ ತೊಳೆದು ಬಂದಿದ್ದವು. ಅವನು ಕತ್ತರಿಸುವ ಮೇಜಿನ ಕೆಳಗಿನ ಚೂರುಗಳನ್ನು ಹೊರಗೆ ತೆಗೆದು ಒಂದರ ಪಕ್ಕಕ್ಕೊಂದು ಇಟ್ಟು ನೋಡಿದ. ಒಂದು ಮುಚ್ಚಳವಾಗುತ್ತಿತ್ತೇನೋ.

ಸುಬೇದಾರರಿಗೆ ಸಿರುಗುಪ್ಪದ ತಾಡಪತ್ರಿ ಅಂಗಡಿಯವನ ನೆನಪಾಯಿತು. ಭತ್ತದ ಲಾರಿಗಳಿಗೆ ಹೊದಿಸುವ ಹಳೆಯ ಕ್ಯಾನ್ವಾಸ್ ತಾಡಪತ್ರಿಗಳಿಗೆ ಅವನು ಮೇಣ ಹಚ್ಚಿ ಮತ್ತೆ ನೀರು ತಡೆಯುವಂತೆ ಮಾಡುತ್ತಾನೆ. ಸುಬೇದಾರರು ಅಂದು ಊರಿಗೆ ಹೋಗದೆ ಬಳ್ಳಾರಿಯಲ್ಲೇ ಉಳಿದರು. ಮರುದಿನ ಮಾಲೀಕನ ಸಣ್ಣ ಗೂಡ್ಸ್ ಗಾಡಿಯಲ್ಲಿ ಮೂವರೂ ಹೊರಟೆವು. ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬೇಸಿಗೆ ಬೆಳೆಯ ಕೊಯ್ಲು ನಡೆದಿತ್ತು. ಯಂತ್ರಗಳ ಧೂಳು ಗಾಡಿಯೊಳಗೆ ಬರುತ್ತಿತ್ತು. ಸಾಮಾನ್ಯವಾಗಿ ಬಾಯಿ ಮುಚ್ಚದ ಸುಬೇದಾರರು ಅಂದು ಒಂದೇ ಮಾತು ಆಡಿದರು. ಅವರು ಸೇವೆಯಲ್ಲಿದ್ದಾಗ ಕೊಟ್ಟ ಒಂದು ಬಗೆಯ ಚೀಲ ಮಳೆಯಲ್ಲಿ ನೀರು ಕುಡಿದು ಎರಡು ಪಟ್ಟು ಭಾರವಾಗುತ್ತಿತ್ತಂತೆ. ಯಾವ ವರ್ಷ ಎಂದು ನಾನು ಕೇಳಲಿಲ್ಲ.

ತಾಡಪತ್ರಿಯವನು ಅಕ್ಕಿ ಗಿರಣಿಗಳ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಕೆಲಸ ಮಾಡುತ್ತಿದ್ದ. ಚೀಲಗಳನ್ನು ಬೆರಳಿನಲ್ಲಿ ತಿಕ್ಕಿ ನೋಡಿದ.

"ಇದು ಗೊಂಬಿ ಅಂಗಿ ಇದ್ದಂಗ ಐತಲ್ರಿ, ತಾಡಪತ್ರಿಗೆ ಬಳಿಯೋದನ್ನ ಇದಕ್ಕ ಬಳೀಲಿ? ನೀರು ನಿಲ್ತೈತಿ. ಬಣ್ಣ ಕಪ್ಪಾಗ್ತೈತಿ, ವಾಸನಿ ಬರ್ತೈತಿ. ಆಮ್ಯಾಲ ನನ್ನ ಬೈಬಾರ್ದು."

"ಬೈಯಂಗಿಲ್ಲ, ಹಚ್ಚು," ಎಂದ ಮಾಲೀಕ.

ಕಾದ ಮೇಣವನ್ನು ಬಟ್ಟೆಯ ಉಂಡೆಯಿಂದ ತೆಳ್ಳಗೆ ಸವರಿ, ನೆರಳಿನಲ್ಲಿ ಆರಿಸಿ ಕೊಟ್ಟ. ಅಲ್ಲೇ ಬೋರಿನ ನೀರು ಹಾಕಿ ನೋಡಿದೆವು. ಹನಿಗಳು ಉರುಳಿ ಬಿದ್ದವು. ಮಾಲೀಕ ಎರಡು ದಿನಗಳಲ್ಲಿ ಮೊದಲ ಬಾರಿಗೆ ನಕ್ಕ. ಬಣ್ಣ ಮೂಲಕ್ಕಿಂತ ಗಾಢವಾಗಿತ್ತು. ಆದರೂ ದೂರದಿಂದ ಹಸಿರೆನಿಸುತ್ತಿತ್ತು. ನಾನು ಕಂಡ ಪರೀಕ್ಷಾ ವರದಿಗಳಲ್ಲಿ ಇದಕ್ಕಿಂತ ದೂರದ ಹಸಿರುಗಳು ಒಪ್ಪಿಗೆ ಪಡೆದದ್ದುಂಟು. ಅದನ್ನು ಹೇಳಿದೆ. ಮಾದರಿ ಒಂದು ರೀತಿ, ಆಮೇಲೆ ಬರುವ ಮಾಲು ಇನ್ನೊಂದು ರೀತಿ ಆದದ್ದೂ ಉಂಟು. ಆರ್ಡರು ಸಿಕ್ಕರೆ ಅವನು ಹೇಗೂ ಸರಿಯಾದ ಬಟ್ಟೆಯಲ್ಲೇ ಹೊಲಿಯುವವನಿದ್ದ. ಹಾಗಿರುವಾಗ ಈ ಮೂರು ಚೀಲಗಳನ್ನು ಕಳುಹಿಸುವುದರಲ್ಲಿ ತಪ್ಪೇನು ಎಂದು ಅವನು ನನ್ನನ್ನು ಕೇಳಿದ. ನನಗೂ ಕಳುಹಿಸು ಎನ್ನುವ ಮನಸ್ಸೇ ಹೆಚ್ಚಾಗಿತ್ತು. ಆ ಇಬ್ಬರು ಹೊಲಿಗೆಯವರು ಬೆಳಿಗ್ಗೆ ನಾವು ಹೊರಡುವಾಗ ಮೆಟ್ಟಿಲ ಬಳಿ ನಿಂತು ಗಾಡಿ ಹೋಗುವುದನ್ನೇ ನೋಡುತ್ತಿದ್ದರು.

ಹಿಂದಿರುಗುವಾಗ ಸುಬೇದಾರರನ್ನು ಬಿಡಲು ಕುರುಗೋಡಿಗೆ ಹೋದೆವು. ಅವರ ಮನೆಯಲ್ಲಿ ಊಟವಾಯಿತು. ಜೋಳದ ರೊಟ್ಟಿ, ಪುಂಡಿಪಲ್ಲೆ. ಊಟಕ್ಕೆ ಕೂರುವ ಮುಂಚೆ ಸುಬೇದಾರರು ಒಂದು ಚೀಲವನ್ನು ಒಯ್ದು ಮಾಳಿಗೆಯ ಗೋಡೆಯ ಮೇಲೆ ಬಿಸಿಲಿಗಿಟ್ಟು ಬಂದಿದ್ದರು. ನಮಗೆ ಹೇಳಿರಲಿಲ್ಲ. ಕೈ ತೊಳೆದ ಮೇಲೆ ಮಾಲೀಕನನ್ನು ಮಾಳಿಗೆಗೆ ಕರೆದರು, ನಾನೂ ಹತ್ತಿದೆ. ಕುರುಗೋಡಿನ ಗುಡ್ಡದ ಬಂಡೆಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು.

"ಮುಚ್ಚಳ ತಗಿ ತಮ್ಮಾ."

ಮಾಲೀಕ ಮುಚ್ಚಳ ಎಳೆದ. ಅದು ಚೀಲಕ್ಕೆ ಅಂಟಿಕೊಂಡಿತ್ತು. ಬಲವಾಗಿ ಎಳೆದಾಗ ಬಂತು. ಬೆರಳಿಗೆ ಮೇಣ ಹತ್ತಿತ್ತು. ಒಳಗಿನ ಗೋಡೆಗಳೂ ಒಂದಕ್ಕೊಂದು ಹಿಡಿದುಕೊಂಡಿದ್ದವು.

"ಇದು ರಾಜಸ್ಥಾನಕ್ಕ ಹೋದ್ರ?" ಎಂದರು ಸುಬೇದಾರರು. ದನಿಯಲ್ಲಿ ಕುಹಕ ಇರಲಿಲ್ಲ.

"ಇದು ಹೋಗಂಗಿಲ್ಲ ಕಾಕಾ. ಇದು ಬರೇ ಸ್ಯಾಂಪಲ್. ಹೋಗೋದು ಬ್ಯಾರೆ ಇರ್ತೈತಿ."

"ಖರೆ ಐತಿ. ನಾ ಕಳಿಸಬ್ಯಾಡ ಅನ್ನಂಗಿಲ್ಲ. ನಿನ್ನ ಮಾಲು, ನಿನ್ನ ಮನಿ."

ಮಾಲೀಕ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿದ. ಮೇಣ ಹೋಗಲಿಲ್ಲ. ಗೋಡೆಗೆ ಒರೆಸಿದ. ನನ್ನ ಕಡೆ ತಿರುಗಿದ.

"ಸರ್, ಅವ್ರೂ ಬಿಸಿಲಾಗ ಇಟ್ಟು ನೋಡ್ತಾರೇನ್ರಿ?"

ನೋಡುವುದೂ ಉಂಟು, ನೋಡದಿರುವುದೂ ಉಂಟು ಎಂದೆ. ಅದು ಸತ್ಯ. ಬಿಸಿ, ಚಳಿ, ಕೆಸರುಗಳಲ್ಲಿ ತಿಂಗಳುಗಟ್ಟಲೆ ಪರೀಕ್ಷಿಸಿ ತಿರಸ್ಕರಿಸಿದ ಆಯುಧಗಳ ಕಡತಗಳನ್ನು ನಾನು ನೋಡಿದ್ದೇನೆ. ಯಾರೂ ನೀರು ಕೂಡ ಹನಿಸದೆ ಒಪ್ಪಿದವುಗಳನ್ನೂ ನೋಡಿದ್ದೇನೆ. ಯಾವುದು ಯಾಕೆ ಹಾಗಾಯಿತು ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಮುಂದೆ ಯಾವುದಾಗುತ್ತದೆ ಎಂದು ಹೇಳುವುದನ್ನು ನಾನು ಕಲಿಯಲೇ ಇಲ್ಲ.

"ನೋಡಿದ್ರ, ಬಳ್ಳಾರಿಯವ್ರು ಮೇಣ ಹಚ್ಚಿ ಕೊಟ್ರು ಅಂತಾರ," ಎಂದ ಅವನು. "ಮುಂದ ಯಾವ ಟೆಂಡರಿಗೂ ನನ್ನ ಹೆಸರು ನಡಿಯಂಗಿಲ್ಲ. ಬ್ಯಾಡ ಬಿಡ್ರಿ."

ಅಷ್ಟಕ್ಕೆ ಮುಗಿಯಿತು. ಚೀಲಗಳು ಗಾಡಿಯ ಹಿಂದಿನ ಪೆಟ್ಟಿಗೆಯಲ್ಲಿ ಬಳ್ಳಾರಿಗೆ ವಾಪಸು ಬಂದವು. ಮಾದರಿ ಸಲ್ಲಿಸುವ ಕೊನೆಯ ದಿನ ನಾನು ಯುನಿಟ್ಟಿಗೆ ಹೋಗಿದ್ದೆ. ಇಬ್ಬರು ಹಳೆಯ ಹೊಲಿಗೆಯವರೂ ಕೆಲಸಕ್ಕೆ ಬಂದಿದ್ದರು. ಸಂಜೆ ಹೋಗುವಾಗ ಮಾಲೀಕನ ಮುಂದೆ ಬಂದು ನಿಂತರು. ಅವನು ತಾನಾಗಿಯೇ ಹೇಳಿದ: "ಹೋಗ್ರಿ ಅಣ್ಣಾರ. ನಾ ನಿಮ್ಮನ್ನ ಹಿಡಕೊಂಡು ಕುಂದ್ರೂದು ಧರ್ಮ ಅಲ್ಲ. ಸೀಜನ್ ಬಂದಾಗ ನೆನಪು ಮಾಡ್ಕೋರಿ." ಅವರಲ್ಲಿ ಹಿರಿಯವನು ತನ್ನ ಸ್ವಂತ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಅದನ್ನು ಅವನು ಈ ಮೊದಲು ಎಂದೂ ಮನೆಗೆ ಒಯ್ದಿರಲಿಲ್ಲವಂತೆ.

ಮುಂದಿನ ವಾರ ಸುಬೇದಾರರು ಬಂದಾಗ ಆ ಎರಡು ಮಶೀನುಗಳ ಮೇಲೂ ಬಟ್ಟೆ ಹೊದಿಸಿತ್ತು. ಅಮ್ಮಿ ಪ್ಯಾಂಟುಗಳ ದಾರ ಕತ್ತರಿಸುತ್ತ ಕುಳಿತಿದ್ದರು. ಖಾಲಿ ಮಶೀನುಗಳನ್ನು ನೋಡಿ, ಮಗನನ್ನು ನೋಡಿ ಕೇಳಿದರು:

"ಅಲ್ಲೋ, ಆ ಚೀಲದ್ದು ಏನಾತು? ಅಷ್ಟು ಚಂದ ತೊಳಸಿ ಕೊಟ್ಟಿದ್ದೆ. ಅವ್ರಿಗೆ ಹಿಡಿಸ್ಲಿಲ್ಲೇನು?"

ಮಾಲೀಕ ಮಶೀನಿನ ಸೂಜಿಗೆ ದಾರ ಪೋಣಿಸುತ್ತಿದ್ದ. ತಲೆ ಎತ್ತಲಿಲ್ಲ.

"ಹಿಡಿಸ್ತಂತ ಅಮ್ಮಿ. ಆದ್ರ ಸರ್ಕಾರದವ್ರು ಬಂದೂಕಾನ ಬದಲಿ ಮಾಡ್ಯಾರ. ಈಗ ಆ ಅಳತಿ ಚೀಲ ಬ್ಯಾಡಂತ. ಟೆಂಡರ್ ರದ್ದಾಗೈತಿ. ಹೌದಲ್ರಿ ಸರ್?"

ಟೆಂಡರು ರದ್ದಾಗಿರಲಿಲ್ಲ. ಬೇರೆ ಯಾರೋ ಮಾದರಿ ಕೊಟ್ಟಿದ್ದರು, ಯಾರಿಗೋ ಅದು ಸಿಗಲಿತ್ತು. ಹಳೆಯ ರೈಫಲ್ಲು ಎಲ್ಲಿಗೂ ಹೋಗಿರಲಿಲ್ಲ, ಹೋಗುವುದೂ ಇಲ್ಲ. ಆ ಮಾತನ್ನು ಇದೇ ಬೆಂಚಿನ ಮೇಲೆ ಕುಳಿತು ನಾನೇ ವಾದಿಸಿದ್ದೆ. ಸುಬೇದಾರರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದ್ರಿ ಅಮ್ಮಾ," ಎಂದೆ.

ಅಮ್ಮಿಗೆ ಸಿಟ್ಟು ಬಂತು. ಅವರ ಸಿಟ್ಟನ್ನು ನಾನು ಮೊದಲು ನೋಡಿರಲಿಲ್ಲ.

"ಅಲ್ರಿ, ಗಳಿಗಿಗೊಂದು ಬಂದೂಕು ಬದಲಿ ಮಾಡಿದ್ರ ಹೊಲಿಯೋರು ಏನ್ ಮಾಡಬೇಕ್ರಿ? ಮೊದ್ಲ ಯಾವ ಬಂದೂಕು ಬೇಕು ಅಂತ ನಿಶ್ಚಯ ಮಾಡ್ಕೊಂಡು, ಆಮ್ಯಾಲ ಚೀಲ ಕೇಳಬೇಕಿಲ್ಲೇನು? ನಮ್ಮ ಇಬ್ರು ಮಂದಿ ಹೋದ್ರು. ಅವ್ರಿಗೇನು ಗೊತ್ತಾಗ್ತೈತಿ ಅಲ್ಲಿ ಕುಂತೋರಿಗೆ?"

"ಏನೂ ಗೊತ್ತಾಗಂಗಿಲ್ಲ ಅಕ್ಕಾರ," ಎಂದರು ಸುಬೇದಾರರು.

ಇದೇ ಅರ್ಥದ ವಾಕ್ಯಗಳನ್ನು ನಾನು ಎಷ್ಟೋ ಸಮಿತಿಗಳ ವರದಿಗಳಲ್ಲಿ ಓದಿದ್ದೇನೆ. ಅವಕ್ಕೆಲ್ಲ ದಿನಾಂಕವಿತ್ತು, ಆಧಾರವಿತ್ತು, ಕೆಳಗೆ ಸಹಿ ಇತ್ತು. ಯಾವುದರಿಂದಲೂ ಏನೂ ಬದಲಾದದ್ದನ್ನು ಕಾಣೆ. ಅಮ್ಮಿಯ ಮಾತಿಗೆ ಆಧಾರವೇ ಇರಲಿಲ್ಲ. ಅದನ್ನು ತಿದ್ದಬಲ್ಲವರು ಮೂವರೂ ಅಲ್ಲೇ ಕುಳಿತಿದ್ದೆವು. ಅವರು ದಾರ ಕತ್ತರಿಸುವುದನ್ನು ನಿಲ್ಲಿಸಿ ಇನ್ನೂ ಬೈಯುತ್ತಲೇ ಇದ್ದರು.

ಮಾಲೀಕ ನಮ್ಮೊಡನೆ ಮೆಟ್ಟಿಲಿಳಿದು ಬಂದ. ದಾರದ ಅಂಗಡಿಯ ಮುಂದೆ ನಿಂತು, ನನ್ನ ಕಡೆಯೂ ನೋಡದೆ ಸುಬೇದಾರರ ಕಡೆಯೂ ನೋಡದೆ ಹೇಳಿದ:

"ಬರೋದು ಬಿಡಬ್ಯಾಡ್ರಿ. ಕಾಕಾ, ನೀವೂ ಬರ್ರಿ, ಸರ್ರೂ ಬರ್ಲಿ, ಚಾ ಕುಡೀರಿ. ಮ್ಯಾಲ ಕುಂತು ಬಂದೂಕಿನ ಮಾತು ಮಾತ್ರ ಇನ್ನ ಬ್ಯಾಡ. ಅಮ್ಮಿ ಕೇಳಿಸ್ಕೊಂತಾಳ. ಯಾವತ್ತರ ಒಂದಿನ ನೀವಿಬ್ರೂ ವಾದ ಮಾಡ್ತಾ ಮಾಡ್ತಾ ಖರೇದ್ದು ಬಾಯಿಬಿಡ್ತೀರಿ."

ನಾವು ಒಪ್ಪಿದೆವು. ಈಗಲೂ ವಾರಕ್ಕೊಮ್ಮೆ ಆ ಬೆಂಚಿನ ಮೇಲೆ ಕುಳಿತುಕೊಳ್ಳುತ್ತೇವೆ. ಸುಬೇದಾರರು ಮಂಡಿನೋವಿನ ಬಗ್ಗೆ, ಕುರುಗೋಡಿನ ನೀರಿನ ಬಗ್ಗೆ ಮಾತನಾಡುತ್ತಾರೆ; ನಾನು ಕೇಳುತ್ತೇನೆ. ಕೆಲವೊಮ್ಮೆ ಅವರ ಬಾಯಿಗೆ ಹಳೆಯ ಮಾತು ಬರುವುದು ನನಗೆ ತಿಳಿಯುತ್ತದೆ. ಅಷ್ಟರಲ್ಲಿ ಅಮ್ಮಿಯೇ ಪತ್ರಿಕೆಯನ್ನು ನನ್ನ ಮುಂದಿಟ್ಟು, ಹೊಸ ಬಂದೂಕು ಯಾವುದಾದರೂ ನಿಶ್ಚಯವಾಯಿತೇ, ಅದರ ಅಳತೆ ಬಂದಿದೆಯೇ ಎಂದು ಕೇಳುತ್ತಾರೆ. ಇನ್ನೂ ಇಲ್ಲ ಎನ್ನುತ್ತೇನೆ.